ಏಜೆಂಟ್ ಓದುವ ನಾಲ್ಕು ಸಾಲು

ಕ್ಲಾಡ್ ಎಂಬ ಎಐ ಮಾಡೆಲ್‌ಗೆ ವೆಬ್‌ನಲ್ಲಿ ಹುಡುಕುವ ಸೌಲಭ್ಯ ಕೊಟ್ಟ ಹೊಸತರಲ್ಲಿ, ಆ ಮಾಡೆಲ್ ರೂಪಿಸಿದ ಆಂಥ್ರೊಪಿಕ್ ಕಂಪನಿಯ ಎಂಜಿನಿಯರ್‌ಗಳ ಕಣ್ಣಿಗೆ ಒಂದು ಚಾಳಿ ಬಿತ್ತು. ಅಗತ್ಯವಿಲ್ಲದಿದ್ದರೂ ಹುಡುಕುವ ಪದಗಳ ಜೊತೆಗೆ ಅದು ‘2025’ ಎಂದು ಸೇರಿಸುತ್ತಿತ್ತು. ಇದರಿಂದ ಸಿಗುವ ಪುಟಗಳು ಒಂದೇ ಕಡೆ ವಾಲುತ್ತಿದ್ದವು, ಉತ್ತರದ ಗುಣಮಟ್ಟ ಕುಸಿಯುತ್ತಿತ್ತು. ಎಂಜಿನಿಯರ್‌ಗಳು ಹುಡುಕಾಟದ ಟೂಲ್‌ಗೆ ಬರೆದಿದ್ದ ವಿವರಣೆಯನ್ನು ತಿದ್ದಿ ಅದನ್ನು ದಾರಿಗೆ ತಂದರು.

ಬಾಯಿಮಾತಿನ ಉತ್ತರಕ್ಕೆ ನಿಲ್ಲದೆ ಟಿಕೆಟ್ ಕಾಯ್ದಿರಿಸುವ, ಫೈಲ್ ತಿದ್ದುವ, ಲೆಕ್ಕ ತೆಗೆಯುವ ಸಾಫ್ಟ್‌ವೇರ್ ಅನ್ನು ಎಐ ಏಜೆಂಟ್ ಎನ್ನುತ್ತಾರೆ. ಈ ಕೆಲಸಗಳನ್ನು ಅದು ಟೂಲ್ ಎಂಬ ಪ್ರೋಗ್ರಾಂಗಳ ಮೂಲಕ ಮಾಡುತ್ತದೆ. ಟೂಲ್‌ನ ಒಳಗಿನ ಕೋಡ್ ಸಾಮಾನ್ಯವಾಗಿ ಏಜೆಂಟ್‌ಗೆ ಕಾಣುವುದಿಲ್ಲ. ಟೂಲ್‌ನ ಹೆಸರು, ನಾಲ್ಕು ಸಾಲಿನ ವಿವರಣೆ, ಏನೇನು ಮಾಹಿತಿ ತುಂಬಬೇಕು ಎಂಬ ಪಟ್ಟಿ, ಇಷ್ಟೇ ಅದರ ಕೈಗೆ ಸಿಗುವುದು. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಮಾಡೆಲ್‌ಗಳಿಗೆ ಫಂಕ್ಷನ್ ಕಾಲಿಂಗ್, ಅಂದರೆ ಟೂಲ್ ಬಳಸುವ ಸೌಲಭ್ಯ ಸೇರಿಸಿದಾಗಲೇ ಈ ಏರ್ಪಾಡು ಇತ್ತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಎಂಸಿಪಿ ಎಂಬ ಮುಕ್ತ ಮಾನದಂಡವನ್ನು ಹೊರತಂದ ಮೇಲೆ ಯಾರೋ ಬರೆದ ಟೂಲ್ ಯಾರದೋ ಏಜೆಂಟ್‌ಗೆ ಸಲೀಸಾಗಿ ಜೋಡಣೆಯಾಗತೊಡಗಿತು. ಬರೆದವರಿಗೂ ಬಳಸುವವರಿಗೂ ಮುಖಪರಿಚಯವೇ ಇಲ್ಲ. ಹಾಗಾಗಿ ಆ ನಾಲ್ಕು ಸಾಲಿನ ಮೇಲೆ ಭಾರ ಹೆಚ್ಚಾಗಿದೆ.

ಆದರೆ ಕೋಡ್‌ಗೆ ಸಿಗುವ ಆರೈಕೆ ಈ ಸಾಲುಗಳಿಗೆ ಸಿಗುವುದಿಲ್ಲ. ಕೋಡ್ ಅನ್ನು ಟೆಸ್ಟ್ ಮಾಡುತ್ತಾರೆ, ಇನ್ನೊಬ್ಬರಿಂದ ಓದಿಸುತ್ತಾರೆ. ವಿವರಣೆಯನ್ನು ಕೊನೆಗಳಿಗೆಯಲ್ಲಿ ಬರೆದು ಮುಗಿಸುತ್ತಾರೆ. ಒಮ್ಮೆ ಓದಿ ‘ಸ್ಪಷ್ಟವಾಗಿದೆ’ ಎಂದು ತಲೆಯಾಡಿಸಿದರೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಟೂಲ್ ಕಟ್ಟಿದವರಿಗೆ ಅದರ ಒಳಹೊರಗೆಲ್ಲ ಗೊತ್ತಿರುತ್ತದೆ. ಬರೆಯದೆ ಬಿಟ್ಟದ್ದನ್ನೂ ಅವರ ಮನಸ್ಸು ತುಂಬಿಕೊಂಡು ಓದಿಬಿಡುತ್ತದೆ.

ಮಾರುಕಟ್ಟೆ ಧಾರಣೆ ತಿಳಿಸುವ ಒಂದು ಟೂಲ್ ಇದೆ ಎಂದುಕೊಳ್ಳಿ. ವಿವರಣೆ ಒಂದೇ ಸಾಲು: ‘ಬೆಳೆಯ ಇಂದಿನ ಬೆಲೆ ಕೊಡುತ್ತದೆ.’ ಓದುವುದಕ್ಕೆ ಕೊರತೆಯೇನೂ ಕಾಣುವುದಿಲ್ಲ. ಆದರೆ ನಮ್ಮಲ್ಲಿ ಅಡಿಕೆ ಧಾರಣೆ ಹೇಳುವುದು ಕ್ವಿಂಟಲ್‌ಗೆ, ಕಾಫಿಯದು 50 ಕೆ.ಜಿ. ಚೀಲಕ್ಕೆ. ಎರಡನ್ನೂ ಬೆಳೆಯುವ ಮಲೆನಾಡಿನ ರೈತರೊಬ್ಬರು ಯಾವುದಕ್ಕೆ ಹೆಚ್ಚು ಬೆಲೆ ಬಂದಿದೆ ಎಂದು ಕೇಳಿದರೆ, ಏಜೆಂಟ್ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ತಪ್ಪು ಉತ್ತರವನ್ನು ಗಟ್ಟಿ ದನಿಯಲ್ಲಿ ಹೇಳಬಹುದು. ‘ಶಿವಮೊಗ್ಗದಲ್ಲಿ ಇವತ್ತು ರಾಶಿ ಎಷ್ಟಿದೆ?’ ಎಂದರೆ? ರಾಶಿ, ಬೆಟ್ಟೆ, ಗೊರಬಲು, ಸರಕು ಇವೆಲ್ಲ ಅಡಿಕೆಯ ಬಗೆಗಳು ಎಂದು ವಿವರಣೆಯಲ್ಲಿ ಇಲ್ಲದಿದ್ದರೆ ಏಜೆಂಟ್ ಆ ಟೂಲ್ ಅನ್ನು ಮುಟ್ಟದೆಯೇ ಹೋದೀತು. ಬೆಲೆಯಲ್ಲೂ ಕನಿಷ್ಠ, ಗರಿಷ್ಠ ಎಂದು ಬೇರೆಬೇರೆ ಇರುತ್ತವೆ. ಇಲ್ಲಿ ಬರುವುದು ಯಾವುದು? ಟೂಲ್‌ನ ಕೋಡ್‌ನಲ್ಲಿ ಒಂದೂ ದೋಷವಿಲ್ಲದೆ ಇಷ್ಟೆಲ್ಲ ಎಡವಟ್ಟು ಆಗಬಲ್ಲದು.

ಇದನ್ನು ಹಿಡಿಯಬೇಕಾದರೆ ಜನ ನಿಜವಾಗಿ ಕೇಳುವ ಪ್ರಶ್ನೆಗಳನ್ನು ಕಲೆಹಾಕಿ ಏಜೆಂಟ್ ಮುಂದೆ ಇಡಬೇಕು. ಸರಿಯಾದ ಟೂಲ್ ಆರಿಸಿತೇ, ಊರು, ದಿನಾಂಕ, ಬಗೆ ಸರಿಯಾಗಿ ತುಂಬಿತೇ, ಬಂದ ಫಲಿತಾಂಶವನ್ನು ಸರಿಯಾಗಿ ಓದಿಕೊಂಡಿತೇ ಎಂದು ಬೇರೆಬೇರೆಯಾಗಿ ನೋಡಬೇಕು. ಒಟ್ಟಾರೆ ಅಂಕ ಮಾತ್ರ ನೋಡಿದರೆ ಯಾವ ಸಾಲು ತಿದ್ದಬೇಕೆಂದು ತಿಳಿಯುವುದಿಲ್ಲ. ಟೂಲ್ ಬೇಡವಾದ ಪ್ರಶ್ನೆಗಳೂ ಇರಬೇಕು. ‘ತೋಟಕ್ಕೆ ಕೊಳೆರೋಗ ಬಂದಿದೆ, ಏನು ಸಿಂಪಡಿಸಲಿ?’ ಎಂದಾಗ ಧಾರಣೆ ಟೂಲ್ ಸುಮ್ಮನಿರಬೇಕಲ್ಲ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ನಡೆಸುವ ಫಂಕ್ಷನ್ ಕಾಲಿಂಗ್ ಲೀಡರ್‌ಬೋರ್ಡ್‌ನಲ್ಲಿ ಹೀಗೆ ಸುಮ್ಮನಿರಬೇಕಾದ ಸಂದರ್ಭಗಳಿಗೇ ಒಂದು ವಿಭಾಗವಿದೆ. ಪ್ರಶ್ನೆಗಳು ಇಂಗ್ಲಿಷ್‌ನಲ್ಲೇ ಇದ್ದರೆ ನಮ್ಮ ಮಟ್ಟಿಗೆ ಪರೀಕ್ಷೆ ಅರ್ಧದಲ್ಲೇ ನಿಂತಂತೆ. ‘ನಾಳಿದ್ದು’, ‘ಬರೋ ಸೋಮವಾರ’, ‘ಹೋದ ಸಂತೆ ದಿನ’ ಎಂದು ಕೇಳಿದಾಗ ಯಾವ ದಿನಾಂಕ ತುಂಬುತ್ತದೆ ಎಂಬುದನ್ನು ಬೆಂಗಳೂರಿನ ಕಂಪನಿಗಳಾದರೂ ನೋಡಬೇಡವೇ?

ಒಮ್ಮೆ ಸರಿ ಬಂದರೆ ನಂಬುವಂತಿಲ್ಲ. ಸಿಯೆರಾ ಕಂಪನಿಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಟೌ-ಬೆಂಚ್ ಪರೀಕ್ಷೆಯಲ್ಲಿ ಏಜೆಂಟ್‌ಗಳು ವಿಮಾನಯಾನ ಮತ್ತು ಚಿಲ್ಲರೆ ವ್ಯಾಪಾರದ ಗ್ರಾಹಕರನ್ನು ನಿಭಾಯಿಸಬೇಕಿತ್ತು. ಆಗಿನ ಮುಂಚೂಣಿಯ ಜಿಪಿಟಿ-4ಒ ಅರ್ಧಕ್ಕಿಂತ ಕಡಿಮೆ ಕೆಲಸಗಳಲ್ಲಿ ಗೆದ್ದಿತು. ಒಂದೇ ಕೆಲಸವನ್ನು ಎಂಟು ಸಲ ಕೊಟ್ಟು ಎಂಟೂ ಸಲ ಸರಿಯಾಗಬೇಕು ಎಂದಾಗ ಚಿಲ್ಲರೆ ವ್ಯಾಪಾರದಲ್ಲಿ ಯಶಸ್ಸು ಶೇ 25ಕ್ಕಿಂತ ಕೆಳಗಿಳಿಯಿತು. ಆ ಪರೀಕ್ಷೆ ಅಳೆದದ್ದು ಇಡೀ ಏಜೆಂಟನ್ನು. ಆದರೂ ಮತ್ತೆ ಮತ್ತೆ ಓಡಿಸಿ ನೋಡುವ ಆ ಶಿಸ್ತು ವಿವರಣೆಗೂ ಬೇಕು. ಒಮ್ಮೆಗೆ ಒಂದು ವಾಕ್ಯ ಬದಲಿಸಿ, ಅದೇ ಪ್ರಶ್ನೆಗಳನ್ನು ಹಲವು ಸಲ ಓಡಿಸಿ, ಹಳೆಯದರ ಜೊತೆ ಹೋಲಿಸಬೇಕು. ಕೆಲವು ಪ್ರಶ್ನೆಗಳನ್ನು ಕೊನೆಯವರೆಗೂ ತೆಗೆದಿಡಬೇಕು. ಇಲ್ಲವಾದರೆ ಆ ಪ್ರಶ್ನೆಗಳಿಗಷ್ಟೇ ಹೊಂದುವ ವಿವರಣೆ ತಯಾರಾಗುತ್ತದೆ. ಏಜೆಂಟ್ ಇಟ್ಟ ಒಂದೊಂದು ಹೆಜ್ಜೆಯ ಲಾಗ್ ಅನ್ನು ಕೂತು ಓದುವುದು ಬೇಸರದ ಕೆಲಸ, ಆದರೆ ಎಲ್ಲಿ ಮುಗ್ಗರಿಸಿತು ಎಂದು ಗೊತ್ತಾಗುವುದು ಅಲ್ಲೇ.

ಎಷ್ಟು ತಿದ್ದಿದರೂ ಸರಿಹೋಗದೆ ಇದ್ದಾಗ ಟೂಲ್ ಅನ್ನೇ ಬದಲಿಸಬೇಕಾಗುತ್ತದೆ. ಕೋಡ್ ತಿದ್ದುವ ಏಜೆಂಟ್ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಹೋದ ಮೇಲೆ ಫೈಲ್‌ಗಳ ವಿಳಾಸದಲ್ಲಿ ತಪ್ಪುತ್ತಿತ್ತು ಎಂದು ಆಂಥ್ರೊಪಿಕ್ 2024ರ ಡಿಸೆಂಬರ್‌ನಲ್ಲಿ ಬರೆದಿತ್ತು. ಅವರು ಬುಡದಿಂದ ಶುರುವಾಗುವ ಪೂರ್ಣ ವಿಳಾಸವನ್ನೇ ಕೊಡಬೇಕು ಎಂದು ಟೂಲ್ ಬದಲಿಸಿದರು, ತಪ್ಪು ನಿಂತಿತು. ಆ ಏಜೆಂಟ್‌ಗೆ ಕೊಡುವ ಒಟ್ಟಾರೆ ಸೂಚನೆಗಿಂತ ಹೆಚ್ಚು ಹೊತ್ತು ಟೂಲ್‌ಗಳನ್ನು ತಿದ್ದುವುದಕ್ಕೇ ಹಿಡಿಯಿತು ಎಂದೂ ಅವರು ಹೇಳಿದ್ದಾರೆ.

ನನ್ನನ್ನು ಹೆಚ್ಚು ಕಳವಳಗೊಳಿಸುವುದು ಇನ್ನೊಂದು ಸಂಗತಿ. 2025ರ ಏಪ್ರಿಲ್‌ನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ ಎರಡು ಸಂಖ್ಯೆಗಳನ್ನು ಕೂಡುವ ಒಂದು ಟೂಲ್ ತೋರಿಸಿತು. ಅದರ ವಿವರಣೆಯೊಳಗೆ, ಬಳಸುವವರ ಕಂಪ್ಯೂಟರ್‌ನಲ್ಲಿರುವ ಗುಪ್ತ ಕೀಲಿಯ ಫೈಲ್ ಓದಿ ಗುಟ್ಟಾಗಿ ಸೇರಿಸಿ ಕಳುಹಿಸು ಎಂಬ ಆದೇಶ ಅಡಗಿತ್ತು. ಏಜೆಂಟ್ ಹಾಗೆಯೇ ಮಾಡಿತು. ಏಜೆಂಟ್‌ಗೆ ಚೆನ್ನಾಗಿ ದಾರಿ ತೋರುವ ವಿವರಣೆ ಎಂಬ ಒಂದೇ ಅಳತೆಗೋಲಿನಲ್ಲಿ ನೋಡಿದರೆ ಆ ಟೂಲ್‌ಗೂ ಪೂರ್ಣ ಅಂಕ ಕೊಡಬೇಕಾಗುತ್ತದೆ. ಒಮ್ಮೆ ಒಪ್ಪಿಗೆ ಪಡೆದ ಮೇಲೆ ವಿವರಣೆಯನ್ನು ಸದ್ದಿಲ್ಲದೆ ಬದಲಿಸಬಹುದು ಎಂದೂ ಅದೇ ಸಂಸ್ಥೆ ತೋರಿಸಿಕೊಟ್ಟಿತು. ಆದ್ದರಿಂದ ಹೊರಗಿನ ಟೂಲ್ ಜೋಡಿಸಿಕೊಂಡವರು ಅದರ ಪೂರ್ತಿ ವಿವರಣೆಯನ್ನು ಕಣ್ಣಾರೆ ಓದಬೇಕು, ಒಂದು ಪ್ರತಿ ಇಟ್ಟುಕೊಳ್ಳಬೇಕು, ಅದರಲ್ಲಿ ಒಂದಕ್ಷರ ಬದಲಾದರೂ ಪರೀಕ್ಷೆಯನ್ನು ಮೊದಲಿನಿಂದ ನಡೆಸಬೇಕು.