ಕರೆಗೆ ಓಗೊಟ್ಟ ತಿರುಕ

ಹಂಪೆಯನ್ನು ನೋಡಹೋದವರು ವಿರೂಪಾಕ್ಷನ ಗೋಪುರವನ್ನೂ ಕಲ್ಲಿನ ರಥವನ್ನೂ ಕಣ್ತುಂಬ ಕಂಡು, ಹೊಸಪೇಟೆಗೆ ಮರಳಿ, ಅಲ್ಲಿಂದ ತಮ್ಮ ಊರಿನ ರೈಲನ್ನೋ ಬಸ್ಸನ್ನೋ ಹತ್ತುವುದು ವಾಡಿಕೆ. ನೈಋತ್ಯದ ದಾರಿಯನ್ನು ಹಿಡಿಯುವವರು ಕಡಿಮೆ. ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿಗಳನ್ನು ಹಾದು ಆ ದಾರಿಯಲ್ಲಿ ಮುಂದುವರಿದರೆ ಹೂವಿನ ಹಡಗಲಿ ಸಿಗುತ್ತದೆ. ವಿಜಯನಗರದ ವೈಭವದ ದಿನಗಳಲ್ಲಿ ವಿರೂಪಾಕ್ಷನ ಪೂಜೆಗೆ ಬೇಕಾದ ಹೂವು ಇಲ್ಲಿಂದಲೇ ಹಡಗನ್ನೇರಿ, ತುಂಗಭದ್ರೆಯ ಹರಿವಿನೊಡನೆ ಹಂಪೆಗೆ ಹೋಗುತ್ತಿತ್ತೆಂದೂ, ಹೂವಿನ ಹಡಗು ಹೊರಡುತ್ತಿದ್ದ ಊರೇ ಹೂವಿನ ಹಡಗಲಿಯಾಯಿತೆಂದೂ ಜನ ಹೇಳುವರು. ಪಂಡಿತರು ಈ ವ್ಯುತ್ಪತ್ತಿಗೆ ತಲೆದೂಗುವರೋ ಇಲ್ಲವೋ, ಹಡಗಲಿಯ ಮಲ್ಲಿಗೆಯ ಕಂಪನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

೨೦೨೧ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿರಿಸಿಕೊಂಡು ವಿಜಯನಗರ ಜಿಲ್ಲೆ ರೂಪುಗೊಂಡಾಗ ಹಡಗಲಿಯೂ ಅದರ ಒಂದು ತಾಲೂಕಾಯಿತು. ಈ ತಾಲೂಕಿನಲ್ಲಿ ಉತ್ತಂಗಿ ಎಂಬುದೊಂದು ಹಳ್ಳಿ. ಅದರ ಹೆಸರು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಸೇರಿಹೋದುದು ಒಬ್ಬ ವ್ಯಕ್ತಿಯ ದೆಸೆಯಿಂದ. ಆತ ಅರಸನಲ್ಲ, ಆಸ್ಥಾನ ಕವಿಯಲ್ಲ. ಕ್ರೈಸ್ತ ಸಭೆಯೊಂದರ ಪಾಲಕ. ಊರವರ ಬಾಯಲ್ಲಿ ಪಾದ್ರಿ. ರೆವರೆಂಡ್ ಉತ್ತಂಗಿ ಚನ್ನಪ್ಪನವರೆಂದರೆ ವಾಚಕರಲ್ಲಿ ಹಲವರಿಗೆ ಕೂಡಲೇ ಸರ್ವಜ್ಞನ ನೆನಪಾದೀತು. ಇಂದು ಶಾಲೆಯ ಮಕ್ಕಳು ಕಂಠಪಾಠ ಮಾಡುವ ತ್ರಿಪದಿಗಳು ಚೆಲ್ಲಾಪಿಲ್ಲಿಯಾಗಿ ಅಳಿದುಹೋಗದೆ ಪುಸ್ತಕವಾಗಿ ಉಳಿದುದರಲ್ಲಿ ಅವರ ಪಾಲು ಬಹು ದೊಡ್ಡದು.

ಕ್ರೈಸ್ತ ಮನೆಗಳಲ್ಲಿ ‘ದೇವರ ಕರೆ’ ಎಂಬ ಮಾತು ಅಡಿಗಡಿಗೆ ಕೇಳಿಬರುತ್ತದೆ. ಮಗನೊಬ್ಬ ದೇವಸೇವೆಗೆಂದು ಸೆಮಿನರಿ ಸೇರಿದರೆ ‘ಅವನಿಗೆ ಕರೆ ಬಂತು’ ಎನ್ನುವರು. ಹಾಗಾದರೆ ತಾಲೂಕು ಕಚೇರಿಯಲ್ಲಿ ಕಡತ ಬರೆಯುವ ಅವನ ಅಣ್ಣನಿಗೆ, ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ರೋಗಿಗಳ ಬಳಿ ಎಚ್ಚರವಿರುವ ಅವನ ತಂಗಿಗೆ ಬಂದುದೇನು? ಬೈಬಲ್ಲಿನ ಕತೆಗಳು ಈ ಪ್ರಶ್ನೆಗೆ ಒಂದೇ ಬಗೆಯ ಉತ್ತರವನ್ನು ಕೊಡುವುದಿಲ್ಲ. ಗಲಿಲಾಯದ ಬೆಸ್ತರು ಬಲೆಯನ್ನು ಬಿಟ್ಟು ಎದ್ದು ಹೋದರು. ಮತ್ತಾಯನು ಸುಂಕದ ಕಟ್ಟೆಯಿಂದಲೇ ಎದ್ದು ನಡೆದನು. ಆದರೆ ಪೌಲನು ಅಪೊಸ್ತಲನಾದ ಮೇಲೂ ಗುಡಾರ ಹೊಲಿಯುವ ಕಸುಬನ್ನು ಬಿಡಲಿಲ್ಲ. ಅಷ್ಟೇ ಅಲ್ಲ, ಕರೆ ಬಂದಾಗ ಯಾರು ಯಾವ ಸ್ಥಿತಿಯಲ್ಲಿದ್ದರೋ ಅದರಲ್ಲಿಯೇ ನೆಲಸಿ ದೇವರೊಡನೆ ನಡೆಯಿರೆಂದು ಕೊರಿಂಥದವರಿಗೆ ಬುದ್ಧಿ ಹೇಳಿದನು. ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಲೂಥರನು ಈ ಮಾತನ್ನೇ ಹಿಡಿದು, ಮಠದ ಸನ್ಯಾಸಿಗೆ ಮಾತ್ರವಲ್ಲ, ಚಮ್ಮಾರನಿಗೂ ಮನೆಗೆಲಸದ ಹೆಂಗಸಿಗೂ ದೇವರ ಕರೆಯುಂಟೆಂದು ಬೋಧಿಸಿದನು. ಜರ್ಮನ್ ಭಾಷೆಯಲ್ಲಿ ಕರೆಯ ಬೇರಿನಿಂದಲೇ ಹುಟ್ಟಿದ ಶಬ್ದ ಇಂದು ಉದ್ಯೋಗಕ್ಕೆ ಹೆಸರಾಗಿ ನಿಂತಿದೆ. ಕನ್ನಡಿಗರಿಗೆ ಇದೇನೂ ಹೊಸ ಮಾತಲ್ಲ. ಲೂಥರನಿಗಿಂತ ಸುಮಾರು ನಾಲ್ಕು ಶತಮಾನ ಮೊದಲೇ ಕಲ್ಯಾಣದ ಶರಣರು ‘ಕಾಯಕ’ವೆಂಬ ಶಬ್ದದಲ್ಲಿ ಇದನ್ನು ತಮ್ಮದೇ ರೀತಿಯಲ್ಲಿ ಕಂಡಿದ್ದರು.

ಬಳ್ಳಾರಿ ಸೀಮೆಯ ಕ್ರೈಸ್ತ ಚರಿತ್ರೆಯನ್ನು ತೆರೆದರೆ ಅಲ್ಲಿ ಪವಾಡಗಳಿಗಿಂತ ಕಾಗದ, ಶಾಯಿ, ಅಚ್ಚಿನ ಮೊಳೆಗಳ ಮಾತೇ ಹೆಚ್ಚು. ಹಂಪೆಯೂ ಸೇರಿದಂತೆ ಈ ಪ್ರದೇಶವನ್ನು ನಿಜಾಮನು ೧೮೦೦ರಲ್ಲಿ ಕಂಪನಿಯವರಿಗೆ ಬಿಟ್ಟುಕೊಟ್ಟನು. ಹತ್ತು ವರ್ಷಗಳ ತರುವಾಯ, ೧೮೧೦ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದನು. ಅವನನ್ನು ಕಳುಹಿಸಿದವರು ಮೊದಲು ಗೊತ್ತುಮಾಡಿದ್ದುದು ಶ್ರೀರಂಗಪಟ್ಟಣವನ್ನು. ಅದು ಕೈಗೂಡದೆ ಬಳ್ಳಾರಿಯ ಬಿಸಿಲೇ ಅವನ ಪಾಲಿಗೆ ಬಂತು. ಉಪದೇಶ ಮಾಡಬೇಕೆಂದು ಹಡಗು ಹತ್ತಿದವನು ವರ್ಷಗಟ್ಟಲೆ ಮಾಡಿದ್ದು ಕನ್ನಡ ಕಲಿಯುವ ಕೆಲಸ. ಕಲಿತು ಬರೆಯುವ ಕೆಲಸ. ಬರೆದುದನ್ನು ಒಡೆದು ಮತ್ತೆ ಬರೆಯುವ ಕೆಲಸ. ೧೮೩೧ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ಹೊರಬಂತು. ಅವನ ಜೊತೆಗಾರ ವಿಲಿಯಂ ರೀವ್ ನಿಘಂಟಿನ ಬೆನ್ನು ಹತ್ತಿದನು. ಅವನ ಇಂಗ್ಲಿಷ್–ಕನ್ನಡ ಕೋಶ ಬಂದದ್ದು ೧೮೨೪ರಲ್ಲಿ. ಕನ್ನಡ–ಇಂಗ್ಲಿಷ್ ಕೋಶ ೧೮೩೨ರಲ್ಲಿ. ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ಮಹಾಕೋಶವನ್ನು ಕೊಂಡಾಡುವವರು ಈ ಮೊದಲಿನ ಗುದ್ದಲಿಯ ಕೆಲಸವನ್ನು ಮರೆಯುವುದುಂಟು. ೧೮೪೩ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’ವು ಮರುವರ್ಷ ತನ್ನ ಕಲ್ಲಚ್ಚನ್ನು ಬಿಟ್ಟು ಮೊಳೆಯಚ್ಚನ್ನು ಹುಡುಕಿಕೊಂಡು ಬಂದದ್ದೂ ಬಳ್ಳಾರಿಗೇ. ಕನ್ನಡದ ಮೊದಲ ಪತ್ರಿಕೆ ಈ ಬಿಸಿಲುನಾಡಿನಲ್ಲಿಯೂ ಉಸಿರಾಡಿತೆಂಬುದು ಅಲ್ಲಿನವರು ಹೆಮ್ಮೆಪಡಬೇಕಾದ ಸಂಗತಿ.

ಇವರೆಲ್ಲ ಮತಪ್ರಚಾರಕ್ಕೆಂದೇ ಬಂದವರು, ಅದನ್ನು ಮರೆಮಾಡಬೇಕಾಗಿಲ್ಲ. ಅವರ ಉಪದೇಶದ ಕರಪತ್ರಗಳಲ್ಲಿ ಬಹುಪಾಲು ಇಂದು ಓದುವವರಿಲ್ಲದೆ ಮರೆಯಾಗಿವೆ. ನಿಘಂಟುಗಳು ಉಳಿದಿವೆ.

ಆದರೂ ಅವರು ಹೊರಗಿನಿಂದ ಬಂದವರು. ಈ ನೆಲದಲ್ಲಿಯೇ ಹುಟ್ಟಿ, ಈ ನುಡಿಯನ್ನೇ ತಾಯಿಯ ಬಾಯಿಂದ ಕಲಿತ ಕ್ರೈಸ್ತನ ಪಾಡು ಬೇರೆ. ಅವನನ್ನು ಎರಡು ಕಡೆಯಿಂದಲೂ ಕೇಳುವವರಿರುತ್ತಾರೆ. ನೆರೆಮನೆಯವನು, ‘ನೀವು ಪರದೇಶದ ದೇವರವರು, ನಮ್ಮ ವಚನ, ಪುರಾಣಗಳು ನಿಮಗೇಕೆ?’ ಎನ್ನಬಹುದು. ಸಭೆಯೊಳಗಿನ ಹಿರಿಯನೋ, ‘ಸುವಾರ್ತೆ ಸಾರಲು ನಿಮ್ಮನ್ನು ನೇಮಿಸಿದೆ, ಅನ್ಯರ ಪದಗಳನ್ನು ಆಯುತ್ತ ತಿರುಗಲಿಕ್ಕಲ್ಲ’ ಎನ್ನಬಹುದು. ಎರಡು ಮಾತೂ ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತವೆ. ಇವೆರಡರ ನಡುವೆ ನಿಂತು ತನ್ನ ಕರೆ ಯಾವುದೆಂದು ಗೊತ್ತುಮಾಡಿಕೊಳ್ಳುವುದು ಸುಲಭವಲ್ಲ.

ಚನ್ನಪ್ಪನವರು ಹುಟ್ಟಿದ್ದು ೧೮೮೧ರಲ್ಲಿ, ಧಾರವಾಡದಲ್ಲಿ. ಮನೆತನದ ಮೂಲ ಉತ್ತಂಗಿ. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಉತ್ತಂಗಿ ಮದರಾಸು ಪ್ರಾಂತಕ್ಕೆ. ಒಂದೇ ಮನೆಯ ಬೇರು ಒಂದು ಸರಕಾರದಲ್ಲಿ, ಕೊಂಬೆ ಇನ್ನೊಂದು ಸರಕಾರದಲ್ಲಿ! ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನ ಸೆಮಿನರಿಯಲ್ಲಿ ದೇವಜ್ಞಾನವನ್ನು ಅಭ್ಯಾಸ ಮಾಡಿ, ಅವರು ಸಭಾಪಾಲಕರಾದರು. ಹಳ್ಳಿಗಾಡಿನ ಸಭಾಪಾಲಕನ ದಿನಚರಿಯಲ್ಲಿ ಕಾವ್ಯಕ್ಕೆ ಬಿಡುವಿರುವುದಿಲ್ಲ. ಭಾನುವಾರದ ಆರಾಧನೆ, ಪ್ರಸಂಗ; ವಾರದ ನಡುವೆ ಮನೆಮನೆಯ ಭೇಟಿ; ಹುಟ್ಟಿದ ಕೂಸಿಗೆ ದೀಕ್ಷಾಸ್ನಾನ, ಸತ್ತವರಿಗೆ ಮಣ್ಣು; ಶಾಲೆಯ ಉಸಾಬರಿ, ಗಂಡಹೆಂಡಿರ ಜಗಳದ ತೀರ್ಮಾನ, ಬರಗಾಲದಲ್ಲಿ ಕಾಳುಕಡ್ಡಿಯ ಚಿಂತೆ. ೧೯೧೪ರಲ್ಲಿ ಮೊದಲ ಮಹಾಯುದ್ಧ ಹೊತ್ತಿಕೊಂಡಾಗ ಜರ್ಮನ್ ಮಿಷನರಿಗಳನ್ನು ಸರಕಾರ ಸೆರೆಯಲ್ಲಿರಿಸಿ, ಬಳಿಕ ಸ್ವದೇಶಕ್ಕೆ ಸಾಗಿಸಿತು. ದೇಶೀಯ ಪಾಲಕರ ಹೆಗಲ ಹೊರೆ ಇನ್ನಷ್ಟು ಬಲಿಯಿತು.

ಅವರ ಸರ್ವಜ್ಞ ಸಂಗ್ರಹ ಸಿದ್ಧವಾದುದು ಇಂಥ ದಿನಚರಿಯ ಎಡೆಯಲ್ಲಿ. ಸರ್ವಜ್ಞನ ತ್ರಿಪದಿಗಳು ಆಗ ಒಂದೆಡೆ ಇರಲಿಲ್ಲ. ಕೆಲವು ಓಲೆಗರಿಗಳಲ್ಲಿ, ಕೆಲವು ಮನೆಯ ಜಂತಿಗೆ ಸಿಕ್ಕಿಸಿದ ಕೈಬರಹದ ಹೊತ್ತಗೆಗಳಲ್ಲಿ, ಹೆಚ್ಚಿನವು ಒಕ್ಕಲಿಗನ, ಜಂಗಮನ, ಅಜ್ಜಿಯ ನಾಲಗೆಯ ಮೇಲೆ. ಒಂದೂರಿನಲ್ಲಿ ಕೇಳಿದ ಪಾಠ ಮತ್ತೊಂದೂರಿನಲ್ಲಿ ಬೇರೆ. ಯಾರೋ ಕಟ್ಟಿದ ಪದಕ್ಕೂ ಕೊನೆಯಲ್ಲಿ ‘ಸರ್ವಜ್ಞ’ ಎಂದು ಅಂಕಿತ ಹಾಕಿಬಿಟ್ಟರೆ ಅದೂ ಸರ್ವಜ್ಞನದೇ! ಬೀಜ ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡಲು ಪಾಂಡಿತ್ಯಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಚನ್ನಪ್ಪನವರು ಊರೂರು ಅಲೆದು ಕೇಳಿದರು, ಬರೆದುಕೊಂಡರು, ಪಾಠಗಳನ್ನು ಹೋಲಿಸಿದರು, ವಿಷಯಾನುಸಾರವಾಗಿ ಪದ್ಧತಿಗಳನ್ನು ವಿಂಗಡಿಸಿದರು. ಸುಮಾರು ೨೦೦೦ ವಚನಗಳ ಆ ಸಂಗ್ರಹ ೧೯೨೪ರಲ್ಲಿ ಅಚ್ಚಾಯಿತು. ಅದಕ್ಕೆ ಒಂದು ವರ್ಷ ಮುನ್ನ ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಹೊರತಂದಿದ್ದರು. ಒಬ್ಬರು ವಕೀಲರು, ಒಬ್ಬರು ಪಾದ್ರಿಗಳು. ಕನ್ನಡದ ಎರಡು ದೊಡ್ಡ ಕಣಜಗಳನ್ನು ಜೋಪಾನ ಮಾಡಿದವರು ವಿದ್ಯಾಪೀಠಗಳಲ್ಲಿ ಸಂಬಳ ಪಡೆಯುತ್ತಿದ್ದ ಪಂಡಿತರಲ್ಲವೆಂಬುದನ್ನು ಪಂಡಿತರು ಆಗಾಗ ನೆನೆಯುವುದು ಒಳ್ಳೆಯದು.

ಕನ್ನಡಿಗರು ಚನ್ನಪ್ಪನವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದರು. ಭಿಕ್ಷಾಪಾತ್ರೆ ಹಿಡಿದು ಮನೆಮನೆಯ ಮುಂದೆ ನಿಂತ ಸರ್ವಜ್ಞನನ್ನು ಹುಡುಕುತ್ತ ಹೋದವರು ತಾವೇ ವಚನಗಳನ್ನು ಬೇಡುವ ತಿರುಕರಾದರು. ಈ ಹೆಸರಿನಲ್ಲಿರುವ ಸೊಗಸನ್ನು ಗಮನಿಸಬೇಕು. ಪಾದ್ರಿಯೆಂದರೆ ಕೊಡಲು ಬಂದವನು, ಹೇಳಲು ಬಂದವನು ಎಂದೇ ಜನರ ಎಣಿಕೆ. ಇಲ್ಲಿ ಪಾದ್ರಿಯೊಬ್ಬರು ಹಳ್ಳಿಗನ ಜಗುಲಿಯ ಮೇಲೆ ಕುಳಿತು, ‘ನಿನಗೆ ಗೊತ್ತಿರುವುದನ್ನು ನನಗೆ ಕೊಡು’ ಎಂದು ಕೈಯೊಡ್ಡಿದರು.

ಹಾಗೆಂದು ಅವರು ತಮ್ಮ ನಂಬಿಕೆಯನ್ನು ಪೆಟ್ಟಿಗೆಯಲ್ಲಿಟ್ಟು ಸಾಹಿತ್ಯಕ್ಕೆ ಹೊರಟವರಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬುದು ಅವರದೇ ಪುಸ್ತಕ. ಆ ಹೆಸರೊಂದೇ ಸಾಕು: ಬೆತ್ಲೆಹೇಮು ಬನಾರಸಕ್ಕೆ ಆಜ್ಞೆ ಮಾಡುವುದಿಲ್ಲ, ಸವಾಲು ಹಾಕುವುದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ. ಕ್ರಿಸ್ತನನ್ನು ಒಪ್ಪಿಕೊಂಡವನು ತನ್ನ ನಾಡಿನ ಹಿರಿಯರನ್ನು ತೊರೆಯಬೇಕಾಗಿಲ್ಲವೆಂಬುದು ಅವರ ಬಾಳಿನ ಮೇಲೆ ಬರೆದ ಮಾತು. ಕುಲದ ಹಮ್ಮನ್ನು ಗೇಲಿ ಮಾಡಿದ, ಹಸಿದವನಿಗೆ ಅನ್ನವಿಡುವುದನ್ನು ಹೊಗಳಿದ, ಸುಳ್ಳನ್ನು ಸೈರಿಸದ ಸರ್ವಜ್ಞನಲ್ಲಿ ಸುವಾರ್ತೆಯ ಓದುಗರೊಬ್ಬರು ಆತ್ಮೀಯನನ್ನು ಕಂಡರೆ ಸೋಜಿಗವಿಲ್ಲ.

ಅವರು ಸಂಪಾದನೆಗೆ ಕೈಹಾಕಿದ ವಚನಗಳಲ್ಲಿ ಮೋಳಿಗೆ ಮಾರಯ್ಯ ಮತ್ತು ಅವನ ರಾಣಿ ಮಹಾದೇವಿಯ ವಚನಗಳೂ ಸೇರಿವೆ. ಕಾಶ್ಮೀರದ ಅರಸನಾಗಿದ್ದ ಮಾರಯ್ಯ ಬಸವಣ್ಣನ ಕೀರ್ತಿಯನ್ನು ಕೇಳಿ ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದನೆಂದೂ, ದಿನವೂ ಕಾಡಿನಿಂದ ಸೌದೆಯ ಹೊರೆ ತಂದು ಮಾರಿ ದಾಸೋಹ ನಡೆಸಿದನೆಂದೂ ಪರಂಪರೆ ಹೇಳುತ್ತದೆ. ಕರೆ ಬಂದುದು ಅರಮನೆಗೆ. ಓಗೊಟ್ಟದ್ದು ಸೌದೆಯ ಹೊರೆಯಲ್ಲಿ. ಗುಡಾರ ಹೊಲಿದ ಪೌಲನನ್ನು ಬಲ್ಲ ಪಾಲಕರಿಗೆ ಸೌದೆ ಹೊತ್ತ ಮಾರಯ್ಯನ ಪರಿಚಯವನ್ನು ಬೇರೆಯವರು ಮಾಡಿಕೊಡಬೇಕಾಗಿರಲಿಲ್ಲ. ಅನುಭವ ಮಂಟಪವೆಂಬುದು ಚರಿತ್ರೆಯೋ ಬರಿಯ ಕಲ್ಪನೆಯೋ ಎಂಬ ಸಂಶಯವನ್ನು ಕೆಲವು ವಿದ್ವಾಂಸರು ಎತ್ತಿದಾಗ, ಅದು ಚಾರಿತ್ರಿಕವೆಂದು ಪುಸ್ತಕವನ್ನೇ ಬರೆದು ವಾದಿಸಿದವರೂ ಚನ್ನಪ್ಪನವರು. ಅವರ ವಾದದ ಎಲ್ಲ ಕೊಂಡಿಗಳನ್ನು ಇಂದಿನ ಸಂಶೋಧಕರು ಒಪ್ಪಬೇಕೆಂದಿಲ್ಲ. ಶರಣರ ಪರವಾಗಿ ಒಬ್ಬ ಕ್ರೈಸ್ತ ಪಾಲಕರು ಸಾಕ್ಷಿ ಹೇಳಲು ಎದ್ದು ನಿಂತರೆಂಬುದೇ ದೊಡ್ಡದು.

ಹಡಗಲಿ ತಾಲೂಕಿನ ಜನ ಕಿವಿಗೊಡುವುದನ್ನು ಬಲ್ಲವರು. ಪ್ರತಿವರ್ಷ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ಕಾರಣಿಕ ನುಡಿಯುವಾಗ, ಲಕ್ಷಗಟ್ಟಲೆ ನೆರೆದ ಜನಸಾಗರ ಒಂದು ಕ್ಷಣ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಬರುವುದು ಒಂದೇ ಒಂದು ನುಡಿ. ಮಳೆಬೆಳೆಯ ಬಗೆಗೋ, ರಾಜಕೀಯದ ಬಗೆಗೋ ಎಂದು ಅದರ ಅರ್ಥವನ್ನು ಬಿಡಿಸುವುದರಲ್ಲಿ ಆಮೇಲೆ ಇಡೀ ವರ್ಷ ಕಳೆಯುತ್ತದೆ. ಕೇಳುವುದಕ್ಕೆ ಒಂದು ಕ್ಷಣ ಸಾಕು. ಕೇಳಿದ್ದನ್ನು ಬಾಳುವುದಕ್ಕೆ ಹೊಲಕ್ಕೆ ಮರಳಬೇಕು.

೧೯೪೯ರಲ್ಲಿ ೩೨ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಗುಲಬರ್ಗದಲ್ಲಿ ಸೇರಿತು. ನಿಜಾಮನ ಆಳಿಕೆ ಕೊನೆಗೊಂಡು ಅದು ಭಾರತಕ್ಕೆ ಸೇರಿದ್ದು ಹಿಂದಿನ ವರ್ಷ, ೧೯೪೮ರ ಸೆಪ್ಟೆಂಬರಿನಲ್ಲಿ. ಮತದ ಹೆಸರಿನಲ್ಲಿ ನಡೆದ ಕೊಲೆ ಸುಲಿಗೆಗಳ ಗಾಯ ಆ ಸೀಮೆಯಲ್ಲಿ ಇನ್ನೂ ಹಸಿಯಾಗಿತ್ತು. ಅಂಥ ಹೊತ್ತಿನಲ್ಲಿ, ಅಂಥ ಊರಿನಲ್ಲಿ, ಕನ್ನಡಿಗರು ತಮ್ಮ ಅಧ್ಯಕ್ಷಪೀಠಕ್ಕೆ ಕರೆದದ್ದು ಉತ್ತಂಗಿ ಚನ್ನಪ್ಪನವರನ್ನು. ‘ನಮ್ಮ ವಚನಗಳು ನಿಮಗೇಕೆ?’ ಎಂದು ಯಾರಾದರೂ ಎಂದಾದರೂ ಕೇಳಿದ್ದರೆ, ಅದಕ್ಕೆ ಉತ್ತರವನ್ನು ಆ ದಿನ ನಾಡೇ ಕೊಟ್ಟಿತು.

೧೯೫೩ರಲ್ಲಿ ಬಳ್ಳಾರಿ ಸೀಮೆಯ ಬಹುಭಾಗ ಮದರಾಸಿನಿಂದ ಮೈಸೂರಿಗೆ ಸೇರಿತು. ೧೯೫೬ರಲ್ಲಿ ಧಾರವಾಡವೂ ಗುಲಬರ್ಗವೂ ಅದೇ ರಾಜ್ಯಕ್ಕೆ ಬಂದವು. ಎರಡು ಸರಕಾರಗಳಲ್ಲಿ ಹಂಚಿಹೋಗಿದ್ದ ಮನೆಯ ಬೇರು ಕೊಂಬೆಗಳು ಒಂದಾದುದನ್ನು ಚನ್ನಪ್ಪನವರು ಕಣ್ಣಾರೆ ಕಂಡರು. ೧೯೬೨ರ ಆಗಸ್ಟ್ ತಿಂಗಳಿನಲ್ಲಿ ಅವರು ತೀರಿಕೊಂಡರು. ಅವರ ಸಮಾಧಿ ಹೂವಿನ ಹಡಗಲಿಯಲ್ಲಿದೆ. ಮಲ್ಲಿಗೆಯ ಕಾಲದಲ್ಲಿ ಹೋದವರು ಒಂದು ಮೊಳ ಹೂವನ್ನು ಅಲ್ಲಿಯೇ ಕೊಂಡು ಹೋಗಬಹುದು.