ಶಾಸನಗಳಲ್ಲಿಯ ಸ್ತ್ರೀನಾಮಗಳು: 'ಅಬ್ಬೆ'ಯ ವಿಚಾರ

ಪ್ರಾಚೀನ ಕರ್ಣಾಟಕದ ಶಾಸನಗಳನ್ನೋದುವಾಗ ಅತ್ತಿಮಬ್ಬೆ, ಜಕ್ಕಿಯಬ್ಬೆ, ದೇಕಬ್ಬೆ, ಮಾಚಿಕಬ್ಬೆ ಮೊದಲಾದ ಹೆಸರುಗಳು ಅಡಿಗಡಿಗೆ ಎದುರಾಗುತ್ತವೆ. ಇಂದಿನ ಕಿವಿಗೆ ಇವು ಒರಟಾಗಿ, ಕೆಲವು ವೇಳೆ ನಗೆಗೂ ಎಡೆಯಾಗಿ ತೋರುವುದುಂಟು. ತರಗತಿಯಲ್ಲಿ ಇಂಥ ಹೆಸರನ್ನು ಕೇಳಿ ವಿದ್ಯಾರ್ಥಿಗಳು ಮುಗುಳ್ನಗುವುದನ್ನೂ, ಬರೆಯುವವರು ಅವನ್ನು ಸಂಸ್ಕೃತರೂಪಕ್ಕೆ 'ತಿದ್ದು'ವುದನ್ನೂ ಅಧ್ಯಾಪಕರು ಬಲ್ಲರು. ಈ ತಿದ್ದುಪಡಿಯಿಂದ ನಮಗಾಗುವ ನಷ್ಟವೇನೆಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶವು.

ಅಬ್ಬೆ ಎಂದರೆ ತಾಯಿ. ದಕ್ಷಿಣ ಕನ್ನಡ, ಕಾಸರಗೋಡು ಪ್ರಾಂತಗಳ ಹವ್ಯಕರ ಮಾತಿನಲ್ಲಿ ಈ ಶಬ್ದವು ಇಂದಿಗೂ ಜೀವಂತವಾಗಿದೆ. ಆದರೆ ಹೆಸರಿನ ಕೊನೆಗೆ ಬಂದಾಗ ಇದು ತಾಯ್ತನವನ್ನಲ್ಲ, ಗೌರವವನ್ನು ಸೂಚಿಸುವುದು. ರನ್ನನು ತನ್ನ ಮಗಳಿಗೆ ಆಶ್ರಯದಾತೆಯಾದ ಅತ್ತಿಮಬ್ಬೆಯ ಹೆಸರನ್ನೇ ಇಟ್ಟನಷ್ಟೆ. ತೊಟ್ಟಿಲ ಕೂಸೂ ಅಬ್ಬೆಯೇ ಆಯಿತು! ಎಳೆಯ ಹುಡುಗಿಯನ್ನು 'ಬಾರಮ್ಮ' ಎಂದು ಕರೆಯುವ ನಮಗೆ ಇದು ಹೊಸದೇನೂ ಅಲ್ಲ. ಪುರುಷನಾಮಗಳಲ್ಲಿ ಅಪ್ಪ, ಅಯ್ಯಗಳು ನಿಂತ ಎಡೆಯಲ್ಲಿಯೇ ಸ್ತ್ರೀನಾಮಗಳಲ್ಲಿ ಅಬ್ಬೆ ನಿಲ್ಲುತ್ತದೆ. ಪಂಪನ ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ. ಈ ಜೋಡಿಯೇ ಅದಕ್ಕೆ ನಿದರ್ಶನ. ಉತ್ತರ ಕರ್ಣಾಟಕದ ಅವ್ವ, ದಕ್ಷಿಣದ ಅಮ್ಮ ಎಂಬ ನಾಮಾಂತ್ಯಗಳು ಇದೇ ಪದ್ಧತಿಯನ್ನು ಮುಂದುವರಿಸಿವೆ.

ಇನ್ನು ಹೆಸರಿನ ಪೂರ್ವಭಾಗ. ಜಕ್ಕಿ ಎಂಬುದು ಯಕ್ಷಿಯ ತದ್ಭವ. ಯಕಾರಕ್ಕೆ ಜಕಾರವೂ, ಕ್ಷಕಾರಕ್ಕೆ ಕ್ಕವೂ ಬಂದಿವೆ. ಜೈನರಲ್ಲಿ ಯಕ್ಷಿಯರಿಗೆ ಸಲ್ಲುತ್ತಿದ್ದ ಪೂಜೆಯನ್ನು ನೆನೆದರೆ ಈ ಹೆಸರಿನ ಔಚಿತ್ಯವು ಸ್ಪಷ್ಟವಾಗುವುದು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಡದಿಯು ಶ್ರವಣಬೆಳಗೊಳದ ಶಾಸನಗಳಲ್ಲಿ ಲಕ್ಷ್ಮೀಮತಿಯೂ ಹೌದು, ಲಕ್ಕಲೆಯೂ ಹೌದು. ಒಬ್ಬಳಿಗೇ ಎರಡು ರೂಪಗಳು ಸಂದಿವೆ. ಒಂದು ಇನ್ನೊಂದರ ತಪ್ಪಲ್ಲ. ಲಕ್ಕಲೆಯನ್ನು ನಾವು ಅಳಿಸಿದರೆ ಕನ್ನಡಿಗರ ನಾಲಗೆಯು ಆ ಹೆಸರನ್ನು ಹೇಗೆ ಒಗ್ಗಿಸಿಕೊಂಡಿತೆಂಬ ಸಾಕ್ಷ್ಯವನ್ನೇ ಅಳಿಸಿದಂತೆ.

ಇಂಥ ಹೆಸರುಗಳು ಗ್ರಾಮ್ಯವೆಂದೂ, ಕೀಳುಮಟ್ಟದವೆಂದೂ ಭಾವಿಸುವುದು ಸಲ್ಲದು. 10ನೆಯ ಶತಮಾನದ ಆದಿಯಲ್ಲಿ ನಾಗರಖಂಡದ ನಾಳ್ಗಾವುಂಡನಾಗಿದ್ದ ಪತಿಯು ಮಡಿಯಲು ಆ ಪದವಿಯನ್ನು ವಹಿಸಿ ನಾಡನ್ನಾಳಿದವಳು ಜಕ್ಕಿಯಬ್ಬೆ. ಲಕ್ಕುಂಡಿಯಲ್ಲಿ ಬಸದಿಯನ್ನೆತ್ತಿಸಿದವಳು, 1007ರ ಶಾಸನದಲ್ಲಿ ಕೀರ್ತಿತಳಾದವಳು ಅತ್ತಿಮಬ್ಬೆ. 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆಯಿಟ್ಟ ಚಾಳುಕ್ಯ ರಾಜಪುತ್ರಿಯ ಹೆಸರಾದರೋ ಅಕ್ಕಾದೇವಿ; ಮನೆಯ 'ಅಕ್ಕ'ನೂ ಅರಮನೆಯ 'ದೇವಿ'ಯೂ ಅದರಲ್ಲಿ ಕೂಡಿದ್ದಾರೆ.

ಹೆಸರಿಡುವ ರುಚಿಯು ಆ ಕಾಲದಲ್ಲಿಯೂ ಒಂದೇ ತೆರನಾಗಿರಲಿಲ್ಲವೆಂಬುದಕ್ಕೆ ಹೊಯ್ಸಳರ ಅರಮನೆಯೇ ಸಾಕ್ಷಿ. ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ. ಅವಳ ತಾಯಿ ಮಾಚಿಕಬ್ಬೆ. 1131ರಲ್ಲಿ ಶಿವಗಂಗೆಯಲ್ಲಿ ಮಗಳು ತೀರಿಕೊಳ್ಳಲು, ತಾಯಿಯು ಬೆಳಗೊಳದಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟಳು. ಮಗಳ ಹೆಸರು ಇಂದಿಗೂ ತೊಟ್ಟಿಲುಗಳಲ್ಲಿ ಕೇಳಿಬರುತ್ತದೆ. ತಾಯಿಯ ಹೆಸರನ್ನು ಯಾರೂ ಇಡುವುದಿಲ್ಲ. ಒಂದೇ ಮನೆಯ ಎರಡು ಹೆಸರುಗಳಲ್ಲಿ ಒಂದು ಇಂದಿನದಾಗಿ, ಇನ್ನೊಂದು ಅತಿಪುರಾತನವಾಗಿ ನಮಗೆ ತೋರುವುದಾದರೆ ಆ ವೈಚಿತ್ರ್ಯವು ಹೆಸರಿನದಲ್ಲ, ನಮ್ಮ ಕಿವಿಯದು.

ಆದುದರಿಂದ ಪಾಠ ಹೇಳುವವರೂ, ಗ್ರಂಥಸಂಪಾದಕರೂ ಶಾಸನದಲ್ಲಿದ್ದ ರೂಪವನ್ನೇ ಉಳಿಸಿ, ಬೇಕಾದಲ್ಲಿ ಅರ್ಥವನ್ನು ಬೇರೆಯಾಗಿ ತಿಳಿಸುವುದು ಯುಕ್ತವು. ಅರಸರ ವಂಶಾವಳಿಗಾಗಿ ಶಾಸನಗಳನ್ನು ಶೋಧಿಸಿದಷ್ಟೇ ಶ್ರದ್ಧೆಯಿಂದ ಈ ಸ್ತ್ರೀನಾಮಗಳನ್ನು ಕಾಲಾನುಕ್ರಮವಾಗಿ, ಊರೂರಿನಂತೆ ಸಂಗ್ರಹಿಸಿದರೆ ನಮ್ಮ ಭಾಷೆಯ ಚರಿತ್ರೆಗೂ, ಮನೆಮಾತಿನ ಚರಿತ್ರೆಗೂ ಹೊಸ ಬೆಳಕು ದೊರೆಯುವುದು. ಕಾವ್ಯವನ್ನು ಬರೆಯದೆ, ಯುದ್ಧವನ್ನು ಗೆಲ್ಲದೆ ಸಂದುಹೋದ ಅನೇಕ ಹೆಂಗಸರಿಂದ ನಮಗೆ ಉಳಿದಿರುವುದು ಆ ಹೆಸರೊಂದೇ. ಅದನ್ನಾದರೂ ಅವರನ್ನು ಕರೆಯುತ್ತಿದ್ದಂತೆಯೇ ಕರೆಯೋಣ.