ಆಮ್ಲಕ್ಕೆ ತುತ್ತಾದ ಡನಾಯೆ

ಮೊಮ್ಮಗನ ಕೈಯಿಂದಲೇ ತನಗೆ ಮರಣವೆಂಬ ದೈವವಾಣಿಯನ್ನು ಕೇಳಿ ಬೆದರಿದ ಆರ್ಗೋಸಿನ ಅರಸು ಅಕ್ರಿಸಿಯಸನು ಮಗಳು ಡನಾಯೆಯನ್ನು ಕಂಚಿನ ಕೋಣೆಯಲ್ಲಿ ಸೆರೆಯಿಟ್ಟನು. ಆದರೂ ದೇವರಾಜ ಜೀಯಸನು ಹೊನ್ನಿನ ಮಳೆಯಾಗಿ ಒಳಗಿಳಿದನೆಂದು ಗ್ರೀಕ್ ಪುರಾಣವು ಹೇಳುತ್ತದೆ. ಡಚ್ ಕಲಾವಿದ ರೆಂಬ್ರಾಂಟನು 1636ರಲ್ಲಿ ಈ ಕಥೆಯನ್ನು ಚಿತ್ರಿಸಿದನು. ನಾವಿಂದು ಕಾಣುವ ಚಿತ್ರದಲ್ಲಿ ಮಳೆಯಿಲ್ಲ. ಮಂಚದ ಮೇಲೊರಗಿದ ಡನಾಯೆಯ ಮೈಮೇಲೆ ಹೊಂಬೆಳಕು ಮಾತ್ರ ಹರಿದಿದೆ.

ರಷ್ಯದ ಸಾಮ್ರಾಜ್ಞಿ ಕ್ಯಾಥರೀನಳು 1772ರಲ್ಲಿ ಕೊಂಡ ಈ ಚಿತ್ರವು ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಆ ನಗರವು ಲೆನಿನ್‌ಗ್ರಾಡ್ ಎನಿಸಿಕೊಂಡಿದ್ದ ಕಾಲದಲ್ಲಿ, 1985ರ ಜೂನ್ 15ರಂದು, ಪ್ರೇಕ್ಷಕನೊಬ್ಬನು ಅದನ್ನು ಚೂರಿಯಿಂದ ಇರಿದು, ಗಂಧಕಾಮ್ಲವನ್ನು ಎರಚಿದನು.

ತೈಲಚಿತ್ರಕ್ಕೆ ಗಂಧಕಾಮ್ಲವು ಏಕೆ ಅಷ್ಟು ಮಾರಕ? ಬಣ್ಣದ ಪುಡಿಯನ್ನು ಹಿಡಿದಿಡುವುದು ಒಣಗಿದ ಎಣ್ಣೆ. ತೀಕ್ಷ್ಣವಾದ ಆಮ್ಲವು ಅದನ್ನು ಕರಿಕಾಗಿಸುತ್ತದೆ. ಬಿಳಿ ಬಣ್ಣವಾದ ಸೀಸದ ಕಾರ್ಬೊನೇಟಿನೊಡನೆ ಕೂಡಿದರೆ ಅದರಿಂದ ಅನಿಲವು ಗುಳ್ಳೆಗುಳ್ಳೆಯಾಗಿ ಹೊರಡುತ್ತದೆ. ಹೀಗೆ ಕರಗಿದ ಬಣ್ಣವು ಕಂದು ಧಾರೆಗಳಾಗಿ ಕೆಳಗಿಳಿಯತೊಡಗಿತು. ರಸಾಯನಜ್ಞರ ಸಲಹೆಯಂತೆ ಚಿತ್ರವನ್ನು ನೆಟ್ಟಗೆ ನಿಲ್ಲಿಸಿಯೇ ಧಾರಾಳವಾಗಿ ನೀರು ಹಾಯಿಸಲಾಯಿತು. ಆಮ್ಲಕ್ಕೆ ನೀರು ಬೆರೆತಾಗ ಶಾಖ ಹುಟ್ಟುವುದು ನಿಜ. ಆದರೆ ನೀರು ಹೇರಳವಾಗಿದ್ದರೆ ಅದು ಶಾಖವನ್ನೂ ಆಮ್ಲವನ್ನೂ ಒಟ್ಟಿಗೆ ಒಯ್ಯುತ್ತದೆ.

ಬಳಿಕ ದುರಸ್ತಿಗೆ ಹನ್ನೆರಡು ವರ್ಷಗಳು ಹಿಡಿದವು. ಉಳಿದ ಬಣ್ಣದ ಪದರವನ್ನು ಮೀನಿನ ಅಂಟಿನಿಂದ ಭದ್ರಪಡಿಸಿದರು. ಆದರೆ ಅಳಿದುಹೋದ ಭಾಗವನ್ನು ಏನು ಮಾಡುವುದು? ಈ ಪ್ರಶ್ನೆಗೆ ಇನ್ನೊಂದು ಹಿನ್ನೆಲೆಯಿತ್ತು. ಸೀಸವು ಕ್ಷ-ಕಿರಣಗಳನ್ನು ತಡೆಯುವುದರಿಂದ ಬಿಳಿಯ ಬಣ್ಣ ಬಳಿದ ಭಾಗಗಳು ಕ್ಷ-ಕಿರಣದ ಛಾಯಾಚಿತ್ರದಲ್ಲಿ ಬೆಳ್ಳಗೆ ಮೂಡುತ್ತವೆ. ದಾಳಿಗೆ ಮೊದಲೇ ತೆಗೆದಿದ್ದ ಅಂತಹ ಚಿತ್ರಗಳಿಂದ, ರೆಂಬ್ರಾಂಟನು ಕೆಲವು ವರ್ಷಗಳ ತರುವಾಯ ಡನಾಯೆಯ ಮುಖವನ್ನೂ ಕೈಯನ್ನೂ ತಾನೇ ತಿದ್ದಿದ್ದನೆಂದು ತಿಳಿದುಬಂದಿತ್ತು. ಹಳೆಯ ಛಾಯಾಚಿತ್ರಗಳೂ ಇದ್ದವು. ಆದುದರಿಂದ ಚಿತ್ರವನ್ನು ಮೊದಲಿನಂತೆಯೇ ಬರೆದುಬಿಡುವುದು ಕುಶಲರಿಗೆ ಅಸಾಧ್ಯವೇನೂ ಆಗಿರಲಿಲ್ಲ.

ಅವರು ಹಾಗೆ ಮಾಡಲಿಲ್ಲ. ಉಳಿದುದನ್ನು ಉಳಿಸಿ, ಅಳಿದೆಡೆಯಲ್ಲಿ ಕಣ್ಣಿಗೆ ಚುಚ್ಚದಷ್ಟು ಮಾತ್ರ ಬಣ್ಣ ತುಂಬಿದರು. ಪೂರ್ತಿ ಬರೆದಿದ್ದರೆ ನೋಡುವವನಿಗೆ ರೆಂಬ್ರಾಂಟನ ಕುಂಚ ಯಾವುದು, ಪರರ ಕುಂಚ ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ. 1997ರಲ್ಲಿ ಡನಾಯೆಯು ಗಾಜಿನ ಹಿಂದೆ ಮತ್ತೆ ದರ್ಶನವಿತ್ತಳು. ನಾಶವನ್ನು ತಡೆಯುವ ಬಲದೊಡನೆ, ಎಲ್ಲಿ ಕೈ ತಡೆಯಬೇಕೆಂಬ ವಿವೇಕವೂ ವಿಜ್ಞಾನಕ್ಕೆ ಸೇರಿದುದೇ ಅಲ್ಲವೆ?